ಪಿಕಪ್ ಗಾಡಿಯ ಕಮಾನು ಎತ್ತಿಸುವುದು: ಕಡಿಮೆ ಖರ್ಚಿನ ಬಗೆಗಳು

ಮಳೆಗಾಲ ಮುಗಿದು ತೊಗರಿ ಹೂವಿಗೆ ಬರುವ ಹೊತ್ತಿಗೆ ನಮ್ಮ ಹೊಲದ ಹಾದಿಗಳು ಒಂದು ರೂಪಕ್ಕೆ ಬಂದು ನಿಂತಿರುತ್ತವೆ. ಹಸಿ ಎರೆಮಣ್ಣಿನಲ್ಲಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ಕೊರೆದ ಎರಡು ಜಾಡುಗಳು ಬಿಸಿಲಿಗೆ ಒಣಗಿ ಕಲ್ಲಿನಂತಾಗುತ್ತವೆ. ಅವೆರಡರ ನಡುವೆ ಒಂದು ದಿಣ್ಣೆ ಉಳಿಯುತ್ತದೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರವಾದುದರಿಂದ ಅದಕ್ಕೆ ಈ ದಿಣ್ಣೆಯ ಗೊಡವೆ ಇಲ್ಲ. ಅದರ ಹಿಂದೆ ಹೋಗುವ ಪಿಕಪ್ ಗಾಡಿಗೆ ಮಾತ್ರ ಗಾಲಿ ಜಾಡಿನಲ್ಲಿ ಇಳಿದೊಡನೆ ಹೊಟ್ಟೆ ದಿಣ್ಣೆಗೆ ಉಜ್ಜುತ್ತದೆ. ಎಂಜಿನ್ನಿನ ಆಯಿಲ್ ಚೇಂಬರಿಗೆ ಒಂದು ಕಲ್ಲು ಬಡಿದು ಎಣ್ಣೆ ಸೋರಿಹೋಯಿತೆಂದರೆ, ಅದನ್ನು ಕಾಣದೆ ಎರಡು ಮೈಲಿ ಓಡಿಸಿದರೆ ಸಾಕು, ಎಂಜಿನ್ ಕಚ್ಚಿಕೊಳ್ಳುತ್ತದೆ. ಆ ವರ್ಷದ ಶುಂಠಿಯ ಲಾಭವೆಲ್ಲ ಗ್ಯಾರೇಜಿನ ಪಾಲು.

1956ರ ತನಕ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿದರೂ ಸರಕು ಹೋಗುವ ದಿಕ್ಕು ಅಷ್ಟಾಗಿ ಸರಿಯಲಿಲ್ಲ; ತೊಗರಿಗೆ ಕಲಬುರಗಿಯ ಧಾರಣೆಯನ್ನು ಇಂದಿಗೂ ಕೇಳುತ್ತೇವೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲಂತೂ ಕಾಳನ್ನು ಚೊಕ್ಕಟವಾಗಿ, ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಿಸಬೇಕೆಂಬ ಆತುರ ಹೆಚ್ಚಿದೆ. ಹೆದ್ದಾರಿ ಒಳ್ಳೆಯದೇ ಇದೆ. ಹೊಲದಿಂದ ಡಾಂಬರು ರಸ್ತೆಯವರೆಗಿನ ಆ ಒಂದು ಮೈಲಿಯೇ ಸಂಕಟ. ಆದಕಾರಣ ಅನೇಕರು ಗಾಡಿಯನ್ನು ಎತ್ತಿಸುವ ಮಾತನಾಡುತ್ತಾರೆ. ನಾಲ್ಕು ಗಾಲಿಗೂ ಶಕ್ತಿ ಹರಿಯುವ ಗಾಡಿ ಕೊಳ್ಳುವಷ್ಟು ಹಣ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಇರುವ ಎರಡು ಗಾಲಿಯ ಬಲದ ಗಾಡಿಯನ್ನೇ ನಮ್ಮ ಹಾದಿಗೆ ಹೊಂದಿಸಿಕೊಳ್ಳಬೇಕಾಗಿದೆ. ಅದು ಸಾಧ್ಯವೆ? ಸಾಧ್ಯ, ಆದರೆ ಒಂದು ಮಿತಿಯವರೆಗೆ.

ಮೊದಲು ಎತ್ತಿನ ಬಂಡಿಯನ್ನು ನೆನೆಯಿರಿ. ಹಳೆಯ ಬಂಡಿಯ ಗಾಲಿ ಐದು ಅಡಿ ಎತ್ತರವಿದ್ದರೆ ಅದರ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತಿತ್ತು. ಎಂಥ ದಿಣ್ಣೆಯನ್ನೂ ಅದು ದಾಟುತ್ತಿದ್ದುದು ಗಾಲಿಯ ದೆಸೆಯಿಂದಲೇ ಹೊರತು ಬೇರಾವ ಯಂತ್ರದಿಂದಲೂ ಅಲ್ಲ. ಪಿಕಪ್ಪಿನ ಗಾಲಿ ಟೈರು ಸಮೇತ ಸುಮಾರು 28 ಅಂಗುಲ; ಅದರ ನಡುವು 14 ಅಂಗುಲ ಎತ್ತರದಲ್ಲಿದೆ. ಹಿಂದಿನ ಅಚ್ಚಿನ ಮಧ್ಯದಲ್ಲಿ ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಗುಂಡು ಪೆಟ್ಟಿಗೆ ಜೋತು ಬಿದ್ದಿರುತ್ತದೆ. ಅದರ ತಳದಿಂದ ನೆಲಕ್ಕೆ ಉಳಿಯುವುದು ಹೆಚ್ಚುಕಡಿಮೆ 8 ಅಂಗುಲ ಮಾತ್ರ.

ಇಲ್ಲಿಯೇ ಮುಖ್ಯ ಪಾಠವಿದೆ. ಕಮಾನು ಕುಳಿತಿರುವುದು ಅಚ್ಚಿನ ಮೇಲೆ. ಕಮಾನನ್ನು ಎತ್ತಿಸಿದರೆ ಚೇಸಿ, ಎಂಜಿನ್, ಗೇರು ಪೆಟ್ಟಿಗೆ, ಡೀಸೆಲ್ ಟಾಕಿ ಇವೆಲ್ಲ ಮೇಲೇಳುತ್ತವೆ. ಅಚ್ಚು ಮತ್ತು ಆ ಗುಂಡು ಪೆಟ್ಟಿಗೆ ಇದ್ದಲ್ಲಿಯೇ ಇರುತ್ತವೆ. ಅವು ಏಳಬೇಕಾದರೆ ಟೈರು ದೊಡ್ಡದಾಗಬೇಕು, ಬೇರೆ ದಾರಿಯಿಲ್ಲ. ಹೀಗಿರುವಲ್ಲಿ ನಿಮ್ಮ ಗಾಡಿಯ ಯಾವ ಭಾಗ ನೆಲಕ್ಕೆ ತಾಗುತ್ತಿದೆ ಎಂಬುದನ್ನು ನೋಡದೆ ಹಣ ಖರ್ಚು ಮಾಡುವುದು ಕುರುಡು ಕೆಲಸ. ಗಾಡಿಯ ಅಡಿಯಲ್ಲಿ ಮಲಗಿ ನೋಡಿರಿ. ಉಜ್ಜಿದ ಗೀರು, ಹತ್ತಿದ ಮಣ್ಣು ತಾನಾಗಿ ಹೇಳುತ್ತದೆ. ಗೀರು ಇರುವುದು ಗುಂಡು ಪೆಟ್ಟಿಗೆಯ ತಳದಲ್ಲಿಯೇ ಆದರೆ ಕಮಾನಿನ ಮಾತು ಅಲ್ಲಿಗೇ ಬಿಡಿ. ಎಷ್ಟೋ ಗಾಡಿಗಳಲ್ಲಿ ತಾಗುವುದು ಜೋತುಬಿದ್ದ ಸೈಲೆನ್ಸರು, ಇಲ್ಲವೆ ಹಿಂದೆ ಅಡಿಯಲ್ಲಿ ಕಟ್ಟಿದ ಸ್ಟೆಪ್ನಿ ಗಾಲಿ. ಸೈಲೆನ್ಸರ್ ತೂಗುವ ರಬ್ಬರುಗಳನ್ನು ಬದಲಿಸಿ, ಸ್ಟೆಪ್ನಿಯನ್ನು ಬಿಗಿಯಾಗಿ ಮೇಲಕ್ಕೆ ಎಳೆದು ಕಟ್ಟಿದರೆ ಕೆಲವರ ರೋಗ ಅಷ್ಟಕ್ಕೇ ವಾಸಿಯಾಗುತ್ತದೆ. ಆಯಿಲ್ ಚೇಂಬರಿನ ಅಡಿಗೆ 4 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡನ್ನು, ಎಣ್ಣೆ ಇಳಿಸುವ ತಿರುಪಿನ ನೇರಕ್ಕೆ ತೂತು ಬಿಟ್ಟು, ಚೇಂಬರಿಗೆ ತಾಗದಂತೆ ಒಂದು ಅಂಗುಲ ಅಂತರವಿಟ್ಟು ಬೋಲ್ಟಿನಿಂದ ಕೂಡಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಎರಡನೆಯದು ಅಳತೆ. ಫರಸಿ ಹಾಸಿದ ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಾಲಿಯ ನಟ್ಟ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕು ಮೂಲೆಗಳಲ್ಲೂ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯ ಹೆಚ್ಚುಕಡಿಮೆ ಲೆಕ್ಕ ಕೆಡಿಸುತ್ತದೆ. ಮೊದಲು ಖಾಲಿ ಗಾಡಿ, ಆಮೇಲೆ ಎಂದಿನ ಹೇರು ಹೇರಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಎಡಕ್ಕೂ ಬಲಕ್ಕೂ ಅರ್ಧ ಅಂಗುಲಕ್ಕಿಂತ ಹೆಚ್ಚು ಭೇದವಿದ್ದರೆ ಒಂದು ಬದಿಯ ಪಾಟಾ ಮುರಿದಿದೆ ಅಥವಾ ಕುಸಿದಿದೆ ಎಂದೇ ತಿಳಿಯತಕ್ಕದ್ದು.

ಈಗ ಹಿಂದಿನ ಕಮಾನಿಗೆ ಬರೋಣ. ನಾವು ಕಂಡಂತೆ ನಾಲ್ಕೈದು ವರ್ಷ ದುಡಿದ ಪಿಕಪ್ಪುಗಳು ತಗ್ಗಾಗಿರುವುದು ಕಂಪನಿ ತಗ್ಗಾಗಿ ಮಾಡಿದ್ದರಿಂದ ಅಲ್ಲ. ಮಿತಿ ಮೀರಿ ಹೇರಿದ್ದರಿಂದ ಪಾಟಾಗಳು ಚಪ್ಪಟೆಯಾಗಿ, ಬುಷ್ಷುಗಳು ಸವೆದು ಇಳಿದಿವೆ. ಹಾಗಾದಾಗ ಎತ್ತಿಸುವುದೆಂದರೆ ಹೊಸ ಎತ್ತರ ಕೊಡುವುದಲ್ಲ, ಕಳೆದುಹೋದ ಎತ್ತರವನ್ನು ಮರಳಿ ಪಡೆಯುವುದು. ಕಮಾನು ಕಳಚಿಸಿ ಪಾಟಾಗಳನ್ನು ಒಂದೊಂದಾಗಿ ಬಿಡಿಸಿ ನೋಡಿರಿ. ನಡುವಿನ ತೂತಿನ ಬಳಿ ಸಣ್ಣ ಸೀಳು ಕಂಡರೆ ಆ ಪಾಟಾ ತೆಗೆದೊಗೆಯತಕ್ಕದ್ದು. ಅದಕ್ಕೆ ವೆಲ್ಡಿಂಗು ಮಾಡಿಸಲೇಬಾರದು. ಬೆಸುಗೆಯ ಕಾವಿಗೆ ಉಕ್ಕಿನ ಹದ ಕೆಟ್ಟು, ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ.

ಚಪ್ಪಟೆಯಾದ ಪಾಟಾಗಳಿಗೆ ಮತ್ತೆ ಬಾಗು ಕೊಡಿಸುವುದಕ್ಕೆ ಎರಡು ಬಗೆಗಳಿವೆ. ಒಂದು, ತಣ್ಣಗಿರುವಾಗಲೇ ಸುತ್ತಿಗೆಯಿಂದ ಅಥವಾ ಪ್ರೆಸ್ಸಿನಲ್ಲಿ ಬಾಗಿಸುವುದು. ಅರ್ಧ ದಿನದ ಕೆಲಸ, ಖರ್ಚು ಅಲ್ಪ. ಆದರೆ ಒಂದೆರಡು ಸುಗ್ಗಿಯಲ್ಲಿ ಮತ್ತೆ ಕುಸಿಯುತ್ತದೆ. ಇನ್ನೊಂದು, ಪಾಟಾವನ್ನು ಇಡಿಯಾಗಿ ಕುಲುಮೆಯಲ್ಲಿ ಕಿತ್ತಳೆಗೆಂಪು ಬರುವ ತನಕ, ಎಂದರೆ ಸುಮಾರು 850 ರಿಂದ 900 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಅನಂತರ 400–500 ಡಿಗ್ರಿಯ ಹದವಾದ ಕಾವಿನಲ್ಲಿ ಮತ್ತೊಮ್ಮೆ ಇಟ್ಟು ಆರಿಸುವುದು. ಮೊದಲ ಅದ್ದುವಿಕೆಯಿಂದ ಉಕ್ಕು ಗಡುಸಾಗುತ್ತದೆ, ಎರಡನೆಯ ಕಾವಿನಿಂದ ಗಡಸುತನದ ಜೊತೆಗೆ ಬಳುಕು ಬರುತ್ತದೆ. ಎರಡನೆಯ ಕಾವು ಕೊಡದ ಪಾಟಾ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ಬರಿಯ ನಡು ಮಾತ್ರ ಗ್ಯಾಸಿನಿಂದ ಕಾಯಿಸಿ ನೀರು ಸುರಿದ ಪಾಟಾ ಒಂದು ಕಡೆ ಮೆತ್ತಗೆ, ಒಂದು ಕಡೆ ಪೆಡಸು. ಹಳ್ಳಿಯಲ್ಲಿ ಕುಡುಗೋಲಿಗೆ ನೀರು ಕುಡಿಸುವ ಕಮ್ಮಾರನಿಗೆ ಈ ಮಾತು ನಮಗಿಂತ ಚೆನ್ನಾಗಿ ಗೊತ್ತು. ಆದುದರಿಂದ ಮಿಸ್ತ್ರಿಯನ್ನು ಕೇಳಬೇಕಾದ ಪ್ರಶ್ನೆ 'ಎಷ್ಟು ಎತ್ತುತ್ತೀರಿ' ಎಂಬುದಲ್ಲ. 'ಎಣ್ಣೆಯಲ್ಲಿ ಅದ್ದುತ್ತೀರಾ, ಆಮೇಲೆ ಮತ್ತೆ ಕಾಯಿಸುತ್ತೀರಾ' ಎಂಬುದು. ಹೌದೆಂದು ವಿವರಿಸಿ ಹೇಳುವವನಲ್ಲಿ ಕೊಡಿರಿ. ಎರಡು ಬದಿಯನ್ನೂ ಒಂದೇ ಸಲ ಮಾಡಿಸತಕ್ಕದ್ದು. ಶಾಕಲ್ಲಿನ ಬುಷ್ಷು, ಪಿನ್ನುಗಳನ್ನು ಅದೇ ಹೊತ್ತಿಗೆ ಹೊಸದು ಹಾಕಿಸಿದರೆ ಮಜೂರಿ ಎರಡು ಬಾರಿ ಬೀಳುವುದಿಲ್ಲ.

ಇದರ ಮೇಲೆ ಇನ್ನೂ ಒಂದು ಅಂಗುಲ ಬೇಕೆನ್ನುವವರು ಒಂದು ಪಾಟಾ ಸೇರಿಸಬಹುದು. ಇದರಲ್ಲಿ ಒಂದು ಗಣಿತವಿದೆ. ಒಂದೇ ದಪ್ಪದ ಐದು ಪಾಟಾಗಳ ಕಮಾನಿಗೆ ಅಂಥದೇ ಆರನೆಯದನ್ನು ಸೇರಿಸಿದರೆ, ಹೇರಿನಿಂದ ಆರು ಅಂಗುಲ ಇಳಿಯುತ್ತಿದ್ದ ಗಾಡಿ ಐದು ಅಂಗುಲ ಇಳಿಯುತ್ತದೆ. ಆದರೆ ದಪ್ಪದ ಲೆಕ್ಕ ಹೀಗೆ ಸರಳವಲ್ಲ. ಪಾಟಾದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿಲಿಮೀಟರಿನ ಬದಲು 8 ಮಿಲಿಮೀಟರಿನ ಪಾಟಾ ಹಾಕಿದರೆ ಆ ಒಂದು ಪಾಟಾ ಸುಮಾರು ಒಂದೂವರೆ ಪಟ್ಟು ಬಿಗಿಯಾಗುತ್ತದೆ. ದಪ್ಪ ಪಾಟಾ ಹಾಕಿಸಿಕೊಂಡವರ ಖಾಲಿ ಗಾಡಿ ಹಾದಿಯಲ್ಲಿ ಕುಪ್ಪಳಿಸುವುದೂ ಟೊಮ್ಯಾಟೊ ಪೆಟ್ಟಿಗೆ ಪೇಟೆ ಮುಟ್ಟುವಷ್ಟರಲ್ಲಿ ರಸವಾಗುವುದೂ ಇದರಿಂದಲೇ. ಕಮಾನು ಬಿಗಿಯಾದರೂ ಆರ್‌ಸಿ ಪುಸ್ತಕದಲ್ಲಿ ಬರೆದ ತೂಕದ ಮಿತಿ ಹೆಚ್ಚುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅಚ್ಚು, ಬೇರಿಂಗು, ಬ್ರೇಕು ಹಳೆಯವೇ ಅಲ್ಲವೆ? 2019ರ ತಿದ್ದುಪಡಿಯ ಮೇಲೆ ಮಿತಿ ಮೀರಿದ ಹೇರಿಗೆ ಕಾನೂನು ಹೇಳುವ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಮೂರನೆಯ ಬಗೆ ದಿಮ್ಮಿ, ಎಂದರೆ ಬ್ಲಾಕು. ಕಮಾನಿಗೂ ಅಚ್ಚಿಗೂ ನಡುವೆ ಉಕ್ಕಿನ ಅಥವಾ ಎರಕದ ದಿಮ್ಮಿ ಇಟ್ಟು ಉದ್ದನೆಯ ಯು ಬೋಲ್ಟುಗಳಿಂದ ಬಿಗಿಯುತ್ತಾರೆ. ಎರಡು ಅಂಗುಲದ ದಿಮ್ಮಿ ಇಟ್ಟರೆ ಗಾಡಿ ಎರಡು ಅಂಗುಲ ಏಳುತ್ತದೆ, ಕಮಾನಿನ ಮೆದುತನವೂ ಕೆಡುವುದಿಲ್ಲ. ಆದಕಾರಣ ಇದು ಎಲ್ಲರಿಗೂ ಪ್ರಿಯ, ಮತ್ತು ಹೆಚ್ಚು ಅಪಾಯ ನಡೆಯುವುದೂ ಇದರಲ್ಲಿಯೇ. ಕಮಾನು ಅಚ್ಚಿನ ಮೇಲೆ ಕೂತ ಗಾಡಿಗೆ ಮಾತ್ರ ಇದು ಸಲ್ಲುತ್ತದೆ; ಅಚ್ಚಿನ ಕೆಳಗೆ ತೂಗುವ ಕಮಾನಿಗೆ ದಿಮ್ಮಿ ಹಾಕಿದರೆ ಗಾಡಿ ಏಳುವ ಬದಲು ಇಳಿಯುತ್ತದೆ. ದಿಮ್ಮಿ ಒಂದೇ ತುಂಡಾಗಿರಬೇಕು. ಒಂದರ ಮೇಲೊಂದು ಎರಡು ಇಡಬಾರದು, ಕಟ್ಟಿಗೆಯದಂತೂ ಕೂಡದು. ದಿಮ್ಮಿಯ ತಳದ ಗೂಟ ಅಚ್ಚಿನ ಪೀಠದ ತೂತಿನಲ್ಲಿಯೂ, ಕಮಾನಿನ ಸೆಂಟರ್ ಬೋಲ್ಟಿನ ತಲೆ ದಿಮ್ಮಿಯ ಮೇಲಿನ ಗುಣಿಯಲ್ಲಿಯೂ ಸರಿಯಾಗಿ ಕೂರಬೇಕು. ಬ್ರೇಕು ಒತ್ತಿದಾಗ ಅಚ್ಚು ತಿರುಚಿಕೊಳ್ಳಲು ನೋಡುತ್ತದೆ. ದಿಮ್ಮಿ ಎತ್ತರವಾದಷ್ಟೂ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಯು ಬೋಲ್ಟುಗಳನ್ನು ಸಡಿಲಿಸುತ್ತದೆ. ಎರಡು ಅಂಗುಲಕ್ಕಿಂತ ಎತ್ತರದ್ದನ್ನು ನಾವು ಯಾರಿಗೂ ಹೇಳುವುದಿಲ್ಲ. ಯು ಬೋಲ್ಟು ಹೊಸವೇ ಆಗಬೇಕು. ಒಮ್ಮೆ ಬಿಗಿದು ಎಳೆದಾಡಿದ ಹಳೆಯ ಬೋಲ್ಟು ಮತ್ತೆ ಅದೇ ಹಿಡಿತ ಕೊಡದು.

ಮುಂದಿನ ಅಚ್ಚಿಗೆ, ಎಂದರೆ ಸ್ಟೀರಿಂಗು ತಿರುಗಿಸುವ ಗಾಲಿಗಳಿಗೆ, ದಿಮ್ಮಿಯನ್ನು ಎಂದೆಂದಿಗೂ ಹಾಕಬಾರದು. ಅಲ್ಲಿ ದಿಮ್ಮಿ ಜಾರಿದರೆ ಗಾಡಿ ಯಾವ ಕಡೆ ಹೋಗುವುದೆಂಬುದು ಚಾಲಕನ ಕೈಯಲ್ಲಿರುವುದಿಲ್ಲ.

ಉದ್ದನೆಯ ಶಾಕಲ್ಲು ಹಾಕುವುದು ಇನ್ನೊಂದು ಬಗೆ. ಕಮಾನಿನ ಒಂದು ತುದಿ ಚೇಸಿಗೆ ಕಟ್ಟಿದ್ದು, ಇನ್ನೊಂದು ತುದಿ ಶಾಕಲ್ಲಿನಲ್ಲಿ ತೂಗುತ್ತದೆ, ಅಚ್ಚು ಇವೆರಡರ ನಡುವೆ. ಆದುದರಿಂದ ಶಾಕಲ್ಲನ್ನು ಎರಡು ಅಂಗುಲ ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಅಂಗುಲ. ಜೊತೆಗೆ ಅಚ್ಚು ತುಸು ವಾಲಿ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಓರೆಯಾಗಿ ಗಾಡಿ ನಡುಗುತ್ತದೆ. ಅರ್ಧ ಅಂಗುಲದ ಆಸೆಗೆ ಪರವಾಗಿಲ್ಲ; ಹೆಚ್ಚಿಗೆ ಅಲ್ಲ.

ಮುಂದಿನ ಭಾಗ ಗಾಡಿಗೊಂದು ತರಹ ಇರುತ್ತದೆ. ಮುಂದೆಯೂ ಪಾಟಾ ಕಮಾನು ಇರುವ ಗಾಡಿಯಾದರೆ ಹಿಂದಿನಂತೆಯೇ ಬಾಗು ಸರಿಪಡಿಸಿಕೊಳ್ಳುವುದು ಮೇಲು. ಟಾರ್ಶನ್ ಬಾರ್ ಎಂಬ ತಿರುಚು ಸಲಾಕೆಯ ಗಾಡಿಯಾದರೆ ಅದರ ಹಿಂತುದಿಯಲ್ಲಿ ಎತ್ತರ ಹೊಂದಿಸುವ ಬೋಲ್ಟೇ ಇರುತ್ತದೆ. ಜಾಕಿ ಕೊಟ್ಟು ಗಾಲಿಯ ಭಾರ ಇಳಿಸಿ, ಎರಡು ಕಡೆಯೂ ಸಮನಾಗಿ ಸುತ್ತಿಸಿದರೆ ಒಂದು ಅಂಗುಲದವರೆಗೆ ಬಿಟ್ಟಿಯಾಗಿ ಏಳುತ್ತದೆ. ಅದಕ್ಕಿಂತ ಮೇಲೆ ಏರಿಸಿದರೆ ಗಾಲಿ ಗುಂಡಿಗೆ ಇಳಿಯಲು ಜಾಗ ಉಳಿಯದೆ ಬಾಲ್ ಜಾಯಿಂಟುಗಳು ಬೇಗ ಸವೆಯುತ್ತವೆ. ಸುರುಳಿ ಸ್ಪ್ರಿಂಗಿನ ಗಾಡಿಗೆ ಸ್ಪ್ರಿಂಗಿನ ತಲೆಯ ಮೇಲೆ ದಪ್ಪ ಸೀಟು ಕೂಡಿಸುತ್ತಾರೆ. ಆ ಸ್ಪ್ರಿಂಗು ಕಳಚುವುದಕ್ಕೆ ಹಿಡಿಕೆಯ ಸಾಧನ ಬೇಕು. ಒತ್ತಿದ ಸ್ಪ್ರಿಂಗು ಕೈತಪ್ಪಿ ಸಿಡಿದರೆ ಪ್ರಾಣಕ್ಕೇ ಬರುತ್ತದೆ. ಮನೆಯಲ್ಲಿ ಪಾನಾ ಹಿಡಿದು ಮಾಡುವ ಕೆಲಸ ಇದಲ್ಲ. ಸುರುಳಿಗಳ ನಡುವೆ ತುರುಕುವ ರಬ್ಬರು ತುಂಡುಗಳನ್ನು ಸಂತೆಯಲ್ಲಿ ಮಾರುತ್ತಾರಲ್ಲ, ಅವು ಎತ್ತರ ಕೊಡುವುದಿಲ್ಲ, ಇಳಿಯುವುದನ್ನು ತಡೆಯುತ್ತವೆ ಅಷ್ಟೆ. ತಡೆದ ಭಾರವೆಲ್ಲ ಮಿಕ್ಕ ಸುರುಳಿಗಳ ಮೇಲೆ ಬೀಳುತ್ತದೆ. ಮುಂದೆ ಏನು ಮಾಡಿಸಿದರೂ ಅಲೈನ್‌ಮೆಂಟು ನೋಡಿಸುವುದನ್ನು ಬಿಡಬಾರದು.

ಟೈರಿನ ಮಾತು. 215/75 ಆರ್ 15 ಎಂಬ ಟೈರಿನ ಎತ್ತರ ಲೆಕ್ಕದಿಂದ 703 ಮಿಲಿಮೀಟರ್. 235/75 ಆರ್ 15ರದು 733. ಹೆಚ್ಚಿದ 30ರಲ್ಲಿ ಅರ್ಧ, ಅಂದರೆ 15 ಮಿಲಿಮೀಟರ್, ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು, ಗುಂಡು ಪೆಟ್ಟಿಗೆಯ ಕೆಳಗೆ ದೊರೆಯುತ್ತದೆ. ಗಾಡಿ 50 ಕಿಲೋಮೀಟರ್ ವೇಗದಲ್ಲಿರುವಾಗ ಮೀಟರು 48 ಎಂದು ತೋರಿಸುತ್ತದೆ. ಸರಕು ಗಾಡಿಯ ನೋಂದಣಿಯಲ್ಲಿ ಟೈರಿನ ಅಳತೆಯೂ ದಾಖಲಾಗಿರುತ್ತದೆಂಬುದು ಇಲ್ಲಿಯ ತೊಡಕು. ಹಣ ಕೊಟ್ಟು ಪಡೆಯುವುದು ಅರ್ಧ ಅಂಗುಲವಾದರೆ, ಹಳೆಯ ಅಳತೆಯ ಒಳ್ಳೆಯ ಆಳ ಹಲ್ಲಿನ ಟೈರು ಕೊಳ್ಳುವುದೇ ಲೇಸೆಂದು ನಮ್ಮ ಎಣಿಕೆ.

ಎತ್ತಿಸಿದ ಮೇಲೆ ಮೂರು ನಾಲ್ಕು ಕಡೆ ಕಣ್ಣಿಡತಕ್ಕದ್ದು. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚೇಸಿಗೂ ನಡುವೆ ಸಣ್ಣ ಸಲಾಕೆಯೊಂದು ಇದ್ದು ಬ್ರೇಕಿನ ಕವಾಟಕ್ಕೆ ಕೂಡಿರುತ್ತದೆ. ಗಾಡಿ ಹೇರಿನಿಂದ ತಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಾಗಿ ಎದ್ದಾಗ ಕಡಿಮೆ ಒತ್ತಡ ಕೊಡುವುದು ಅದರ ಕೆಲಸ. ನಾವು ಗಾಡಿಯನ್ನು ಎತ್ತಿಸಿದರೆ ಆ ಕವಾಟ 'ಗಾಡಿ ಖಾಲಿ ಇದೆ' ಎಂದು ತಿಳಿಯುತ್ತದೆ. ತುಂಬಿದ ಗಾಡಿಯ ಹಿಂದಿನ ಬ್ರೇಕು ಆಗ ದುರ್ಬಲವಾಗುತ್ತದೆ. ಇದನ್ನು ರಸ್ತೆಬದಿಯ ಮಿಸ್ತ್ರಿಗಳಲ್ಲಿ ನೆನಪಿಡುವವರು ಕಡಿಮೆ. ಕಂಪನಿಯ ಪುಸ್ತಕ ನೋಡಿ ಸಲಾಕೆಯನ್ನು ಮರಳಿ ಹೊಂದಿಸಿರಿ ಎಂದು ನೀವೇ ಹೇಳಬೇಕು. ಬ್ರೇಕಿನ ರಬ್ಬರು ನಳಿಗೆ, ಶಾಕ್ ಅಬ್ಸಾರ್ಬರು ಇವು ಗಾಲಿ ಪೂರ್ತಿ ಜೋತಾಗ ಬಿಗಿದುಕೊಳ್ಳಬಾರದು. ಜಾಕಿಯ ಮೇಲೆ ಎತ್ತಿ ನೋಡಿದರೆ ತಿಳಿಯುತ್ತದೆ. ಹೆಡ್‌ಲೈಟಿನ ಬೆಳಕನ್ನು ತಗ್ಗಿಸಿಕೊಳ್ಳದಿದ್ದರೆ ಎದುರಿನ ಬೈಕಿನವನ ಕಣ್ಣು ಕುರುಡಾಗುತ್ತದೆ.

ಮಗುಚುವ ಭಯ ಬೇರೆ. ಹುಲ್ಲು ಎತ್ತರಕ್ಕೆ ಒಟ್ಟಿದ ಬಂಡಿ ಬದುವಿನ ಮೇಲೆ ಹೇಗೆ ಉರುಳುತ್ತದೆಯೋ ಹಾಗೆಯೇ. ಎರಡು ಗಾಲಿಗಳ ನಡುವಿನ ಅಗಲ 56 ಅಂಗುಲವಾದರೆ ಅದರ ಅರ್ಧ 28. ತುಂಬಿದ ಗಾಡಿಯ ಭಾರದ ನಡುವು 32 ಅಂಗುಲ ಎತ್ತರದಲ್ಲಿದ್ದರೆ 28ನ್ನು 32ರಿಂದ ಭಾಗಿಸಿದ ಪಾಲು ಗಾಡಿಯ ಸ್ಥಿರತೆ. ಮೂರು ಅಂಗುಲ ಎತ್ತಿಸಿದರೆ 35ರಿಂದ ಭಾಗಿಸಬೇಕು; ಸ್ಥಿರತೆ ಸುಮಾರು ಹನ್ನೆರಡರಲ್ಲಿ ಒಂದು ಪಾಲು ಕಡಿಮೆಯಾಯಿತು. ಕೂಲಿಯಾಳುಗಳನ್ನು ಮೂಟೆಯ ಮೇಲೆ ಕೂರಿಸಿಕೊಂಡು ಹಳ್ಳದ ಓರೆ ಇಳಿಯುವಾಗ ಈ ಒಂದು ಪಾಲಿನ ಬೆಲೆ ತಿಳಿಯುತ್ತದೆ. ಗಾಡಿ ಎತ್ತಿಸಿರಲಿ, ಬಿಟ್ಟಿರಲಿ, ಮೂಟೆಯ ಮೇಲೆ ಆಳುಗಳನ್ನು ಕೂರಿಸುವುದೇ ತಪ್ಪು.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಇಂಥ ಪ್ರತಿಯೊಂದು ಮಾರ್ಪಾಟಿಗೆ ಮಾಲಿಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಕುಸಿದ ಕಮಾನನ್ನು ಮೊದಲಿನ ಎತ್ತರಕ್ಕೆ ತರುವುದು ರಿಪೇರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ದಿಮ್ಮಿ, ದೊಡ್ಡ ಟೈರು ಮುಂತಾದವನ್ನು ಹಾಕಿಸುವವರು ಮೊದಲು ಸಂಗಾರೆಡ್ಡಿ ಅಥವಾ ವಿಕಾರಾಬಾದ್ ಜಿಲ್ಲೆಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು. ಅಪಘಾತವಾದ ದಿನ ವಿಮೆಯವರು ಗಾಡಿಯ ಅಡಿಯನ್ನೂ ನೋಡುತ್ತಾರೆ. ನಮ್ಮ ಗಾಡಿಗಳು ಬೀದರ, ಚಿಂಚೋಳಿಯ ಕಡೆಗೂ ಓಡುವುದರಿಂದ ಎರಡು ರಾಜ್ಯದ ತಪಾಸಣೆಗೂ ಸಿಕ್ಕುತ್ತವೆ.

ಇನ್ನು ಕೆಸರು. ಎತ್ತಿಸಿದ ಗಾಡಿ ಎರೆಯ ಕೆಸರಿನಲ್ಲಿ ಸಿಕ್ಕುವುದಿಲ್ಲವೆಂದು ಬಹಳ ಮಂದಿ ನಂಬಿದ್ದಾರೆ. ಇದು ಸುಳ್ಳು. ಡಿಫರೆನ್ಶಿಯಲ್ ಎರಡು ಹಿಂಗಾಲಿಗಳಿಗೂ ಒಂದೇ ತಿರುಚುಬಲ ಹಂಚುತ್ತದೆ. ಒಂದು ಗಾಲಿ ಜಾರಿ ತಿರುಗಲು ತೊಡಗಿತೆಂದರೆ ಅದಕ್ಕೆ ಸಿಕ್ಕಷ್ಟೇ ಅಲ್ಪ ಬಲ ಗಟ್ಟಿ ನೆಲದ ಗಾಲಿಗೂ ಸಿಕ್ಕಿ, ಅದು ಸುಮ್ಮನೆ ನಿಲ್ಲುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾದುದರಿಂದ ಜಾರುವುದು ಇನ್ನೂ ಸುಲಭ. ಅಲ್ಲಿ ಬೇಕಾದುದು ಎತ್ತರವಲ್ಲ, ಭಾರ ಮತ್ತು ಹಿಡಿತ. ಅಚ್ಚಿನ ನೇರಕ್ಕೆ 50 ಕಿಲೋದ ನಾಲ್ಕು ಮರಳು ಚೀಲ ಹೇರಿಕೊಂಡು, ಎರಡನೆಯ ಗೇರಿನಲ್ಲಿ ನಿಧಾನವಾಗಿ, ನಿಲ್ಲಿಸದೆ ದಾಟಿರಿ. ಎರಡು ಹಲಗೆ, ಒಂದು ಸಲಿಕೆ ಸದಾ ಗಾಡಿಯಲ್ಲಿರಲಿ.

ಆ ದಿಣ್ಣೆಯ ವಿಷಯ ಒಂದು ಉಳಿಯಿತು. ಒಂದೇ ಹಾದಿಯನ್ನು ಬಳಸುವ ಹತ್ತು ಮನೆಯವರು ಕೂಡಿ, ಮಣ್ಣು ಇನ್ನೂ ಅರೆಹಸಿ ಇರುವಾಗಲೇ ಟ್ರ್ಯಾಕ್ಟರಿನ ಹಲಗೆಯಿಂದ ದಿಣ್ಣೆಯನ್ನು ಜಾಡಿಗೆ ಎಳೆದು ತುಂಬಿ, ಮೇಲೆ ಮೊರಂ ಹಾಕಿ, ನೀರು ಹರಿಯಲು ಒಂದು ಬದಿಗೆ ಕಾಲುವೆ ಬಿಟ್ಟರೆ ಪ್ರತಿ ಮನೆಗೆ ಬೀಳುವ ಪಾಲು ಒಂದು ಗಾಡಿಯ ಕಮಾನಿನ ಖರ್ಚಿಗಿಂತ ಕಡಿಮೆ. ತಾಂಡೂರಿನ ಕಡೆಯವರಿಗೆ ಗಣಿಯ ಫರಸಿ ಚೂರು ಹತ್ತಿರದಲ್ಲೇ ಸಿಗುತ್ತದೆ. ದಸರೆಯ ಹಿಂದುಮುಂದೆ ಈ ಕೆಲಸಕ್ಕೆ ಹದವಾದ ಕಾಲ. ದೀಪಾವಳಿ ಕಳೆದರೆ ಮಣ್ಣು ಗಟ್ಟಿಯಾಗಿ ಹಲಗೆ ಜಾರುತ್ತದೆ.

ಕಮಾನು ಮಾಡಿಸಿಕೊಂಡವರು ಮೊದಲ ಹೇರು ಇಳಿಸಿದ ಕೂಡಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು, ಆಮೇಲೆ ಹದಿನೈದು ದಿನಕ್ಕೆ ಇನ್ನೊಮ್ಮೆ. ಅದೇ ದಿನ ಹಳೆಯ ಹಾಳೆಯನ್ನು ತೆಗೆದು, ನಾಲ್ಕು ಮೂಲೆಗಳ ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲಿ ಬರೆದಿಡಿ.